ಹದಗಾರ ತಿನ್ನದ ಕೊಬ್ಬು

ಬೆಳಗಿನ ಪಾಳಿ ಮುಗಿಸಿಕೊಂಡು ಹದಗಾರ ಮನೆ ಮುಟ್ಟುವಾಗ ನಾಲ್ಕು ಗಂಟೆ. ಮೂರನೇ ಮಹಡಿಯ ತನಕ ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತು ನೋಡಿದರೆ, ಕಸದ ಬುಟ್ಟಿಯ ಮಗ್ಗುಲಲ್ಲಿ ತಗಡಿನ ಡಬ್ಬ ಕೂತಿದೆ. ಎರಡು ಕಿಲೋ ಹಿಡಿಸುವ ಡಬ್ಬ. ಮುಚ್ಚಳ ತೆಗೆದು ನೋಡಿದ, ಮುಕ್ಕಾಲು ಪಾಲು ಹಾಗೇ ಇತ್ತು. ಬೆಳ್ಳಗೆ, ಸಣ್ಣ ಹರಳುಹರಳಾಗಿ, ಕಳೆದ ತಿಂಗಳು ಕಾರ್ಖಾನೆಯಲ್ಲಿ ಅವನೇ ಹದ ನೋಡಿ ಇಳಿಸಿದ ವನಸ್ಪತಿ.

ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದ.

"ಇದನ್ನ ಹೊರಗಿಟ್ಟಿದ್ದು ಯಾರು?"

ಮಗಳು ಒಲೆಯ ಮುಂದೆ ನಿಂತು ತರಕಾರಿ ಬೇಯಿಸುತ್ತಿದ್ದಳು. ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಆ ದಿನ ಅರ್ಧ ರಜೆ. ತಿರುಗಿ ನೋಡದೆಯೇ "ನಾನೇ" ಎಂದಳು.

"ಯಾಕೆ?"

"ಡಾಕ್ಟರು ಕೊಟ್ಟ ಚೀಟಿ ಗೋಡೆಗೆ ಅಂಟಿಸಿದೀನಿ. ಓದ್ಕೋ ಅಪ್ಪ. ಮೊದಲನೇ ಸಾಲೇ ಅದು."

ಅವನು ಓದಿದ. ಗಟ್ಟಿ ಮಾಡಿದ ಎಣ್ಣೆ, ವನಸ್ಪತಿ, ಅದರಲ್ಲಿ ಕರಿದದ್ದು, ಅದು ಹಾಕಿದ ಬಿಸ್ಕತ್ತು, ಎಲ್ಲವನ್ನೂ ಪೂರ್ತಿ ನಿಲ್ಲಿಸಬೇಕು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

"ಅಮ್ಮ ತಿನ್ನಬಾರದು ಅಂದ್ರೆ ತಿನ್ನಬಾರದು, ಸರಿ. ಡಬ್ಬ ಒಳಗಿದ್ರೆ ಅದೇನು ಎದ್ದು ಬಂದು ಅವಳ ಬಾಯಿಗೆ ಬೀಳುತ್ತಾ?"

"ಬೀಳುತ್ತೆ. ನಿನ್ನೆ ಬೆರಳಲ್ಲಿ ತೆಗೆದು ನೆಕ್ತಾ ಇದ್ಲು. ಬೇಕಾದ್ರೆ ಕೇಳು."

ಒಳಕೋಣೆಯಿಂದ ಹೆಂಡತಿಯ ದನಿ ಬಂತು. "ನೆಕ್ಕಿಲ್ಲ ಕಣೇ. ಬರೀ ವಾಸನೆ ನೋಡಿದೆ."

ಎದೆಯ ನಾಳ ಮುಚ್ಚಿಕೊಂಡು ಆಸ್ಪತ್ರೆ ಸೇರಿದವಳು ಎರಡು ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ಐದೇ ದಿನವಾಗಿತ್ತು. ಮೂರು ಮಹಡಿ ಹತ್ತಿಸಲು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಹೊತ್ತವರಲ್ಲಿ ಅಳಿಯನೂ ಒಬ್ಬ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ನಗಿಸುವ ಸ್ವಭಾವ. ಮದುವೆಯಾದಾಗಿನಿಂದ ಇದೇ ಮನೆಯಲ್ಲಿದ್ದ. ಈಗ ಬಾಗಿಲ ಬಳಿ ಕೂತು ಬೂಟು ಬಿಚ್ಚುತ್ತ, "ಈ ಮನೇಲಿ ಕೊಬ್ಬು ಜಾಸ್ತಿ ಆಗಿದೆ ಅಂತ ಡಾಕ್ಟರೇ ಬರ್ಕೊಟ್ಟಿದ್ದಾರೆ ಅತ್ತೆ. ಯಾರ ಕೊಬ್ಬು ಅಂತ ಬರ್ದಿಲ್ಲ, ಅಷ್ಟೇ" ಎಂದ.

ಒಳಗೆ ಹೆಂಡತಿ ನಕ್ಕಳು, ಒಲೆಯ ಮುಂದೆ ಮಗಳೂ ನಕ್ಕಳು. ವರ್ಷಾನುಗಟ್ಟಲೆ ಯಂತ್ರದ ಸದ್ದಿನ ಪಕ್ಕದಲ್ಲಿ ನಿಂತು ಹದಗಾರನ ಎಡಗಿವಿ ಅರ್ಧಂಬರ್ಧ ಹೋಗಿತ್ತು. ಮಾತು ಆ ಕಡೆಯಿಂದ ಬಂದಿತ್ತು.

"ಏನಂದ್ರಿ?"

"ಏನಿಲ್ಲ ಮಾವ. ಸುಮ್ನೆ."

ಅವನು ಡಬ್ಬವನ್ನು ಹಾಗೇ ಹಿಡಿದುಕೊಂಡು ಕೆಳಗಿಳಿದು ಹೋಗಿ ಮೊದಲ ಮಹಡಿಯ ಟೈಲರಿಗೆ ಕೊಟ್ಟು ಬಂದ. ಟೈಲರು ಕತ್ತರಿ ಬದಿಗಿಟ್ಟು ಎರಡೂ ಕೈಯಲ್ಲಿ ಈಸಿಕೊಂಡು, "ಕೊಟ್ಟು ಕೆಟ್ಟೋರಿಲ್ಲ ಬಿಡಿ, ಕೊಡುಗೈ ನಿಮ್ಮದು" ಎಂದು ಹೊಗಳಿದ. ಮೆಟ್ಟಿಲು ಹತ್ತುವಾಗ ಹದಗಾರನಿಗೆ ಸ್ವಲ್ಪ ಸಮಾಧಾನವಾಗಿತ್ತು.

ಹದ ನೋಡುವುದರಲ್ಲಿ ಕಾರ್ಖಾನೆಯಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ, ಅದಕ್ಕೇ ಅವನಿಗೆ ಹದಗಾರ ಎಂಬ ಹೆಸರು. ಎಣ್ಣೆ ಗಟ್ಟಿ ಮಾಡುವ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿದ್ದ. ಎರಡಾಳೆತ್ತರದ ಮುಚ್ಚಿದ ಉಕ್ಕಿನ ಪಾತ್ರೆಯೊಂದು ಅಲ್ಲಿತ್ತು. ಕೆಲಸಗಾರರ ಬಾಯಲ್ಲಿ ಅದು ಹಂಡೆ. ಶುದ್ಧ ಮಾಡಿದ ಎಣ್ಣೆಯನ್ನು ಹಂಡೆಗೆ ತುಂಬಿ, ನಿಕ್ಕಲ್ಲಿನ ಕಪ್ಪು ಪುಡಿ ಬೆರೆಸಿ, ಕಾಯಿಸಿ, ಅಡಿಯಿಂದ ಜಲಜನಕ ಬಿಡಬೇಕು. ಆ ಅನಿಲ ಎಣ್ಣೆಯೊಳಗೆ ಇಂಗುತ್ತ ಹೋದಂತೆ ಎಣ್ಣೆ ತಾನಾಗಿ ಬಿಸಿಯೇರುತ್ತದೆ. ಒಳಗಿನ ಕೊಳವೆಗಳಲ್ಲಿ ತಣ್ಣೀರು ಹಾಯಿಸಿ ಹತೋಟಿಯಲ್ಲಿಡಬೇಕು. ಕಿಡಿ ಹಾರಿದರೆ ಕಟ್ಟಡವೇ ಹಾರಿಹೋಗುತ್ತದೆಂದು ಅಲ್ಲಿ ಬಳಸುವ ಸ್ಪ್ಯಾನರುಗಳೂ ಹಿತ್ತಾಳೆಯವು. ಅನಿಲವನ್ನು ಪೂರ್ತಿ ಬಿಟ್ಟರೆ ಎಣ್ಣೆ ಮೇಣದಬತ್ತಿಯಷ್ಟು ಗಟ್ಟಿಯಾಗುತ್ತದೆ, ಬಾಯಲ್ಲಿ ಕರಗುವುದಿಲ್ಲ. ಬೇಗ ನಿಲ್ಲಿಸಿದರೆ ಡಬ್ಬದಲ್ಲಿ ನೀರಾಡುತ್ತದೆ. ನಡುವೆ ಎಲ್ಲೋ ಒಂದು ಗಳಿಗೆ ಇದೆ. ಆ ಗಳಿಗೆಗೆ ಸರಿಯಾಗಿ ಚಕ್ರ ತಿರುಗಿಸಿ ಅನಿಲ ನಿಲ್ಲಿಸುವುದೇ ಅವನ ವಿದ್ಯೆ. ಸಣ್ಣ ನಲ್ಲಿಯಿಂದ ಒಂದು ಚಮಚ ಎಣ್ಣೆ ಹಿಡಿದು, ಕಾಗದದಲ್ಲಿ ಸೋಸಿ, ತಣ್ಣನೆಯ ಉಕ್ಕಿನ ಪಟ್ಟಿಯ ಮೇಲೆ ಒಂದು ಹನಿ ಬಿಡುತ್ತಿದ್ದ. ಹನಿ ಮಬ್ಬಾಗುವ ಬಗೆ ನೋಡಿ "ಇನ್ನು ಹನ್ನೆರಡು ನಿಮಿಷ" ಎನ್ನುತ್ತಿದ್ದ. ಪ್ರಯೋಗಾಲಯದವರು ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ಹಾಕಿ, ನೀರಲ್ಲಿ ಕಾಯಿಸಿ, ಅಳೆದು ಸುರಿದು ಅರ್ಧ ಗಂಟೆಯ ಮೇಲೆ ಬಂದು ಅದನ್ನೇ ಹೇಳುತ್ತಿದ್ದರು.

ಇಷ್ಟೆಲ್ಲ ಮಾಡಿದವನು ಅದನ್ನು ನಾಲಿಗೆಗೆ ಹಚ್ಚಿದವನಲ್ಲ. ದಿನಕ್ಕೆ ಎಂಟು ಗಂಟೆ ಆ ಬಿಸಿ ಎಣ್ಣೆಯ ಹಬೆ ಕುಡಿದು ಮನೆಗೆ ಬಂದವನು, ಒಲೆಯ ಮೇಲೆ ಅದೇ ವಾಸನೆ ಎದ್ದಾಗ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ. ಮದುವೆಯಾದ ಮೂರನೇ ತಿಂಗಳಿಂದ ಹೆಂಡತಿ ಅವನಿಗೆಂದೇ ಒಣ ರೊಟ್ಟಿ, ಬೇಯಿಸಿದ ತರಕಾರಿ ಬೇರೆ ಇಡುತ್ತಿದ್ದಳು. ಅವಳಿಗೋ ಅದೆಂದರೆ ಪ್ರಾಣ. ಎಲ್ಲರಿಗೂ ಬಡಿಸಿದ ಮೇಲೆ, ಕಾವಲಿಯಿಂದ ತೆಗೆದ ಬಿಸಿ ರೊಟ್ಟಿಗೆ ಬೆರಳ ತುಂಬ ವನಸ್ಪತಿ ಸವರಿ, ಉಪ್ಪು ಉದುರಿಸಿ, ಒಲೆಯ ಮುಂದೆ ನಿಂತೇ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು. "ನಮ್ಮನೆಯವರು ಮಾಡಿದ್ದು" ಎಂದು ಪಕ್ಕದ ಮನೆಯವರ ಮುಂದೆ ಜಂಬ ಕೊಚ್ಚುತ್ತಿದ್ದಳು.

ಹೆಂಡತಿ ಮನೆಗೆ ಬಂದ ಎರಡನೇ ವಾರ ಕಾರ್ಖಾನೆಯ ಮ್ಯಾನೇಜರು ಅವನನ್ನು ಕರೆಸಿದರು.

"ಹೊಸ ನಿಯಮ ಬಂದಿದೆ. ಅರ್ಧ ಗಟ್ಟಿ ಮಾಡಿದ ಕೊಬ್ಬು ಇನ್ನು ಮಾರೋ ಹಾಗಿಲ್ಲ. ಅದರಲ್ಲೇ ಇರೋದಂತೆ ಎದೆಗೆ ಕೆಟ್ಟದ್ದು. ಪೂರ್ತಿ ಗಟ್ಟಿ ಮಾಡಿದ್ರೆ ಆ ಕೆಟ್ಟದ್ದು ಉಳಿಯಲ್ಲವಂತೆ, ನೋಡಿ ವಿಚಿತ್ರ. ಪೂರ್ತಿ ಗಟ್ಟಿ ಮಾಡಿ, ಗಟ್ಟಿ ಮಾಡದ ಹಸಿ ಎಣ್ಣೆ ಜೊತೆ ಬೆರೆಸೋ ಯಂತ್ರ ಬರ್ತಾ ಇದೆ."

"ಹದ ಯಾರು ನೋಡೋದು ಸಾರ್?"

"ಹದ ನೋಡೋದೇನಿಲ್ಲ. ಎಲ್ಲಾ ಕಂಪ್ಯೂಟರು. ಇನ್ನು ಮೂರು ವಾರ ಹಂಡೆ ಓಡುತ್ತೆ. ಆಮೇಲೆ ನೀವು ಪ್ಯಾಕಿಂಗಿಗೆ ಬನ್ನಿ. ಕೂತು ಮಾಡೋ ಕೆಲಸ, ನಿಮ್ಮ ವಯಸ್ಸಿಗೂ ಒಳ್ಳೇದು."

ಆ ಸಂಜೆ ಊಟದ ಹೊತ್ತಿಗೆ ಅವನು ಈ ಸುದ್ದಿಯನ್ನು ಹೇಳಬೇಕೆಂದು ಎರಡು ಸಲ ಬಾಯಿ ತೆರೆದ. ಮೊದಲ ಸಲ ಮಗಳು ಅಮ್ಮನ ಕೈಯಿಂದ ಉಪ್ಪಿನ ಡಬ್ಬಿ ಕಸಿದುಕೊಳ್ಳುತ್ತಿದ್ದಳು. ಎರಡನೇ ಸಲ ಅಳಿಯ ಮನೆಯ ವಿಷಯ ಎತ್ತಿದ.

"ಆಸ್ಪತ್ರೆ ಹತ್ರ ನೆಲಮಹಡೀಲಿ ಒಂದು ಮನೆ ಇದೆಯಂತೆ. ಅತ್ತೆಗೆ ಮೆಟ್ಟಿಲ ಕಾಟ ಇರಲ್ಲ. ನಾಲ್ಕು ಜನಕ್ಕೆ ಇಕ್ಕಟ್ಟಾಗುತ್ತೆ, ಆದ್ರೂ ನೋಡೋಣ ಅಂತಿದೀನಿ."

"ಕಾರ್ಖಾನೆಗೆ ದೂರ ಆಗುತ್ತಲ್ವಾ?" ಎಂದಳು ಹೆಂಡತಿ, ಗಂಡನ ಕಡೆ ನೋಡಿ.

"ಎರಡು ಬಸ್ಸು ಬದಲಾಯಿಸ್ಬೇಕು. ಅಭ್ಯಾಸ ಆಗುತ್ತೆ" ಎಂದ ಹದಗಾರ. ನಂತರ ಹೇಳಿದ, "ನಮ್ಮ ವಿಭಾಗ ಮುಚ್ತಾರಂತೆ."

"ಅಯ್ಯೋ, ಒಳ್ಳೇದಾಯ್ತು ಬಿಡಪ್ಪ" ಎಂದಳು ಮಗಳು. "ಆ ವಿಷ ಮಾಡೋದು ತಪ್ಪಿತು." ಹೆಂಡತಿ ಮಾತ್ರೆ ನುಂಗುವ ಹೊತ್ತಾಗಿತ್ತು. ನೀರು ತರಲು ಎಲ್ಲರೂ ಎದ್ದರು. ಅವನು ತಟ್ಟೆಯ ಮುಂದೆ ಕೂತೇ ಇದ್ದ.

ಮೂರನೇ ವಾರ ಆಸ್ಪತ್ರೆಗೆ ಹೋಗುವುದಿತ್ತು. ವಯಸ್ಸಾಯಿತು, ಅಪ್ಪನದೂ ಪರೀಕ್ಷೆ ಆಗಿಬಿಡಲಿ ಎಂದು ಮಗಳು ಹಠ ಹಿಡಿದು ಅವನ ರಕ್ತವನ್ನೂ ಕೊಡಿಸಿದ್ದಳು. ಡಾಕ್ಟರು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿ, ಕನ್ನಡಕ ಮೇಲಕ್ಕೆ ಸರಿಸಿದರು.

"ಏನು ತಿಂತೀರಿ ಯಜಮಾನ್ರೇ? ಇಪ್ಪತ್ತೈದರ ಹುಡುಗನ ರಕ್ತ ಇದ್ದ ಹಾಗಿದೆ!"

"ಒಣ ರೊಟ್ಟಿ. ಬೇಯಿಸಿದ ತರಕಾರಿ."

"ವನಸ್ಪತಿ?"

"ಮುಟ್ಟಲ್ಲ."

"ಮನೇಲಿ ಎಲ್ಲರಿಗೂ ಒಂದೇ ಅಡುಗೆ ಅಲ್ವಾ?"

"ಅವರಿಗೆ ಬೇರೆ ಮಾಡ್ತಿದ್ದೆ" ಎಂದಳು ಹೆಂಡತಿ.

"ನೋಡಿದ್ರಾ? ಜೊತೇಲೇ ಇದ್ದೂ ನೀವು ಇವರನ್ನ ನೋಡಿ ಕಲೀಲಿಲ್ವಲ್ಲಮ್ಮ" ಎಂದು ಡಾಕ್ಟರು ನಕ್ಕರು. ಹದಗಾರನೂ ನಕ್ಕ. ತಾನು ನಗಬಾರದಿತ್ತೆಂದು ಅವನಿಗೆ ಹೊಳೆದದ್ದು ಹೆಂಡತಿ ತನ್ನ ಮುಖವನ್ನೇ ನೋಡುತ್ತಿದ್ದಾಳೆಂದು ಗೊತ್ತಾದ ಮೇಲೆ. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು, ಮಗಳು ಅವಳ ಪಕ್ಕ. ಎದುರು ಸಾಲಿನಲ್ಲಿ ಜಾಗ ಖಾಲಿಯಾದರೂ ಅವನು ಕಂಬಿ ಹಿಡಿದುಕೊಂಡು ನಿಂತೇ ಬಂದ.

ಮರುದಿನದಿಂದ ಅವನಿಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಮಗಳು ಅಳಿಯ ಹೊರಟ ಮೇಲೆ ಮನೆಯಲ್ಲಿ ಇಬ್ಬರೇ. ಅವಳು ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅವನು ನೆಲ ಒರೆಸುತ್ತಿದ್ದ. ಬಗ್ಗುವ ಕೆಲಸ ಅವಳು ಮಾಡುವಂತಿರಲಿಲ್ಲ.

"ಒಂದು ಮಾತು ಕೇಳ್ಲಾ?"

"ಕೇಳು."

"ನಿಮಗೆ ಗೊತ್ತಿತ್ತಾ?"

"ಏನು?"

"ಅದು ಎದೆಗೆ ಕೆಟ್ಟದ್ದು ಅಂತ."

ಅವನು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದ. "ನನಗೆಲ್ಲಿಂದ ಗೊತ್ತಿರುತ್ತೆ? ನಾನೇನು ಡಾಕ್ಟರಾ? ವಾಸನೆ ಆಗಲ್ಲ ಅಂತ ತಿನ್ನಲಿಲ್ಲ, ಅಷ್ಟೇ."

"ವಾಸನೆ ವಿಷಯ ಗೊತ್ತು ನನಗೆ." ಒಂದು ಕಾಯಿ ಬಿಡಿಸಿ ಕಾಳುಗಳನ್ನು ಬಟ್ಟಲಿಗೆ ಉದುರಿಸಿದಳು. "ಸರಿ ಬಿಡಿ. ಡಾಕ್ಟರು ಹಂಗಂದ್ರಲ್ಲ, ಅದಕ್ಕೆ ಕೇಳಿದೆ."

ಅವನು ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

ಹನ್ನೊಂದು ವರ್ಷದ ಹಿಂದೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಒಬ್ಬ ಕೆಮಿಸ್ಟ್ ಇದ್ದರು. ಮಿತಭಾಷಿ, ಊಟದ ಹೊತ್ತಿನಲ್ಲೂ ಓದುತ್ತ ಕೂರುವವರು. ಒಂದು ದಿನ ಹದಗಾರನನ್ನು ಮೂಲೆಗೆ ಕರೆದು ಯಾವುದೋ ಪತ್ರಿಕೆಯ ಪುಟ ತೋರಿಸಿ, ಅರ್ಧ ಗಟ್ಟಿಯಾದ ಎಣ್ಣೆಯಲ್ಲಿ ಒಂದು ಜಾತಿಯ ಕೊಬ್ಬು ಹುಟ್ಟುತ್ತದೆ, ಅದು ರಕ್ತನಾಳ ಮುಚ್ಚಿಸುತ್ತದೆ ಎಂದು ಬಿಡಿಸಿ ಹೇಳಿದ್ದರು. ಹಳೇ ನಿಕ್ಕಲ್ ಪುಡಿಯನ್ನೇ ಸೋಸಿ ಸೋಸಿ ಹಾಕುತ್ತಿದ್ದರೆ ಅದು ಇನ್ನೂ ಹೆಚ್ಚು ಎಂದಿದ್ದರು. ಕಾರ್ಖಾನೆಯಲ್ಲಿ ಆಗ ಹಳೇ ಪುಡಿಯೇ ಓಡುತ್ತಿತ್ತು. "ಮನೆಗೆ ಒಯ್ಯಬೇಡಿ" ಎಂದೂ ಹೇಳಿದ್ದರು. ತಿಂಗಳೊಳಗೆ ಅವರು ಕೆಲಸ ಬಿಟ್ಟು ಹೋದರು. ಆ ತಿಂಗಳ ಕೊನೆಗೆ ನೌಕರರ ಪಾಲಿನ ಡಬ್ಬವನ್ನು ಹದಗಾರ ಎಂದಿನಂತೆ ಮನೆಗೆ ತಂದಿದ್ದ. ಬಾಗಿಲಲ್ಲೇ ಹೇಳಬೇಕೆಂದುಕೊಂಡಿದ್ದ. ಆದರೆ ಅವಳು ಡಬ್ಬವನ್ನು ಕೈಯಿಂದ ಈಸಿಕೊಂಡು ಮುಚ್ಚಳ ತೆಗೆದು, "ಈ ಸಲದ್ದು ಎಷ್ಟು ಚೆನ್ನಾಗಿ ಹರಳು ಕಟ್ಟಿದೆ ನೋಡಿ!" ಎಂದಿದ್ದಳು. ಹೇಳಿದರೆ, ತಾನು ದಿನಕ್ಕೆ ಎಂಟು ಗಂಟೆ ಮಾಡುತ್ತಿರುವುದು ಏನು ಎಂಬುದನ್ನೂ ಹೇಳಬೇಕಾಗುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಒಂದು ವರ್ಷದ ಮೇಲೆ, ಇನ್ನು ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಎಂದುಕೊಂಡ. ಆಮೇಲೆ ಆ ಯೋಚನೆಯೇ ಬರುವುದು ನಿಂತಿತು.

ಆ ಭಾನುವಾರ ಊಟಕ್ಕೆ ಕೂತಾಗ ಮಗಳು ತಡೆಯಲಾರದೆ ಕೇಳಿಯೇಬಿಟ್ಟಳು.

"ಅಪ್ಪ, ನಾನು ಹುಟ್ಟಿದಾಗಿಂದ ನೋಡ್ತಿದೀನಿ. ನೀನು ಅದನ್ನ ಒಂದು ಸಲಾನೂ ಬಾಯಿಗೆ ಇಟ್ಟಿಲ್ಲ. ಯಾಕೆ?"

"ಹೇಳಿದ್ನಲ್ಲ, ವಾಸನೆ ಅಂತ."

"ವಾಸನೆ ಅಂತೆ! ಮಾಡೋನಿಗೆ ಬೇಡವಾದ್ದು ತಿನ್ನೋರಿಗೆ ಅಮೃತವಾ? ತಿಂಗಳಿಗೊಂದು ಡಬ್ಬ ತಂದು ಸುರೀತಿದ್ದೆಯಲ್ಲ..."

"ಏ, ಊಟ ಮಾಡೋವಾಗ ಬೇಡ ಮಾರಾಯ್ತಿ" ಎಂದ ಅಳಿಯ.

"ನೀವು ಸುಮ್ನಿರಿ. ಕೇಳ್ತಿರೋದು ನಾನು. ಫ್ಯಾಕ್ಟರೀಲಿ ಒಬ್ಬರೂ ನಿನಗೆ ಹೇಳಿರ್ಲಿಲ್ವಾ ಅಪ್ಪ? ಅಷ್ಟು ಜನ ಓದಿರೋರು ಇದ್ರಲ್ಲ ಅಲ್ಲಿ?"

ಹದಗಾರ ತಟ್ಟೆಯ ಮೇಲೆ ಕೈ ನಿಲ್ಲಿಸಿದ. ಇದೇ ಹೊತ್ತು, ಹೇಳಿಬಿಡಬೇಕು ಎನಿಸಿತು. ಅಷ್ಟರಲ್ಲಿ ಹೆಂಡತಿ ಗದರಿದಳು.

"ಸಾಕು ನಿಲ್ಸು. ನಾನು ಕೇಳಿದೀನಿ ಅವರನ್ನ. ಗೊತ್ತಿರ್ಲಿಲ್ಲ ಅವರಿಗೆ. ಗೊತ್ತಿದ್ದು ಯಾರಾದ್ರೂ ಹೆಂಡತಿಗೆ ತಂದುಕೊಡ್ತಾರಾ? ಇಷ್ಟು ವರ್ಷ ಜೊತೇಲಿ ಬಾಳಿದೋಳು ನಾನು, ನನಗೆ ಗೊತ್ತಿಲ್ವಾ ಇವರು ಎಂಥವರು ಅಂತ?"

ಮಗಳು ರೊಟ್ಟಿಯ ತಟ್ಟೆ ಎಳೆದುಕೊಂಡು "ಇನ್ನೊಂದು ರೊಟ್ಟಿ ಹಾಕ್ಲಾ ಅಪ್ಪ?" ಎಂದು ಮೆತ್ತಗೆ ಕೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ಬೈಗುಳವಾದರೆ ನುಂಗಿಕೊಳ್ಳುತ್ತಿದ್ದ. ಹೆಂಡತಿ ತನ್ನ ಪರ ಎತ್ತಿದ ದನಿಯನ್ನು ಮಾತ್ರ ಏನು ಮಾಡಬೇಕೋ ಅವನಿಗೆ ತಿಳಿಯದಾಯಿತು.

ಅಲ್ಲಿಂದ ಮುಂದೆ ಅವನು ಮನೆಯವರೊಂದಿಗೆ ಕೂತು ಉಣ್ಣುವುದನ್ನೇ ಕಡಿಮೆ ಮಾಡಿದ. ಪಾಳಿಯ ನೆಪ, ತಲೆನೋವಿನ ನೆಪ. ಹೆಂಡತಿ ಅವನ ಪಾಲನ್ನು ಮುಚ್ಚಿಡುತ್ತಿದ್ದಳು. ತಣ್ಣಗಾದ ರೊಟ್ಟಿಯನ್ನು ಅವನು ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದ. ಹಜಾರದಲ್ಲಿ ಅಳಿಯ ಏನೋ ಹೇಳಿ ಎಲ್ಲರನ್ನೂ ನಗಿಸುವುದು ಕೇಳುತ್ತಿತ್ತು, ಏನೆಂದು ಕೇಳಿಸುತ್ತಿರಲಿಲ್ಲ.

ಹಂಡೆಯ ಕೊನೆಯ ದಿನ ಬೆಳಗಿನ ಪಾಳಿಯೇ ಅವನದಾಯಿತು. ಎಣ್ಣೆ ತುಂಬಿದ, ಕಾಯಿಸಿದ, ಅನಿಲ ಬಿಟ್ಟ. ಕೊಳವೆಯ ಮೇಲೆ ಅಂಗೈ ಇಟ್ಟು ಒಳಗಿನ ನಡುಕ ನೋಡಿದ. ಉಕ್ಕಿನ ಪಟ್ಟಿಯ ಮೇಲೆ ಹನಿ ಬಿಟ್ಟು, ಸರಿಯಾದ ಗಳಿಗೆಗೆ ಚಕ್ರ ತಿರುಗಿಸಿದ. ಪ್ರಯೋಗಾಲಯದ ಹುಡುಗಿ ಬಂದು "ಸರಿಯಾಗಿದೆ ಹದಗಾರಣ್ಣ, ಪಾಯಿಂಟೂ ಆಚೀಚೆ ಇಲ್ಲ" ಎಂದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಇಷ್ಟು ಸರಿಯಾಗಿ ಮಾಡಿದ ಕೆಲಸ ಇನ್ನೊಂದಿಲ್ಲ ಎಂದು ಅವನಿಗೂ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಪಾಳಿ ಬಿಡುವಾಗ ಗೇಟಿನ ಹತ್ತಿರ ಜಾತ್ರೆಯಂಥ ಗದ್ದಲ. ಉಗ್ರಾಣದಲ್ಲಿ ಉಳಿದ ಸರಕನ್ನು ಇನ್ನು ಮಾರುವಂತಿಲ್ಲವಾದ್ದರಿಂದ ನೌಕರರಿಗೆ ತಲಾ ನಾಲ್ಕು ಡಬ್ಬ ಹಂಚುತ್ತಿದ್ದರು. ಪ್ಯಾಕಿಂಗಿನ ಹೆಂಗಸರು ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಅವರಲ್ಲಿ ಎಲ್ಲರೂ ಗಡಿಬಿಡಿಯಕ್ಕ ಎಂದು ಕರೆಯುವ ಹೆಂಗಸು, ನಾಲ್ಕನ್ನು ಒಂದರ ಮೇಲೊಂದು ಪೇರಿಸಿ ಎದೆಗವಚಿಕೊಂಡು ಬಸ್ಸಿಗೆ ಓಡುವ ಆತುರದಲ್ಲಿದ್ದಳು.

ಹದಗಾರ ಅವಳಿಗೆ ಅಡ್ಡ ನಿಂತ. "ಒಯ್ಯಬೇಡಮ್ಮ."

"ಯಾಕಣ್ಣ? ನಿಮಗೆ ಕಮ್ಮಿ ಬಿತ್ತಾ?"

"ಅದಲ್ಲ. ಅದು ಒಳ್ಳೇದಲ್ಲ. ಎದೆಗೆ ಕೆಟ್ಟದ್ದು. ಅದಕ್ಕೇ ಅಲ್ವಾ ಮಾರೋದು ನಿಲ್ಸಿದ್ದು."

ಸುತ್ತಲಿನವರು ನಕ್ಕರು. "ಇವತ್ತು ಜ್ಞಾನೋದಯ ಆಯ್ತಾ ಹದಗಾರಣ್ಣನಿಗೆ!" ಎಂದು ಯಾರೋ ಕೂಗಿದರು. "ಕೆಲಸ ಹೋದ ಹೊಟ್ಟೆಯುರಿ ಬಿಡ್ರಿ" ಎಂದರು ಇನ್ನೊಬ್ಬರು. ಗಡಿಬಿಡಿಯಕ್ಕ ನಗಲಿಲ್ಲ. ಡಬ್ಬಗಳ ಮೇಲಿಂದ ಅವನನ್ನೇ ನೋಡಿದಳು.

"ನಿಜ ಹೇಳ್ತಿದೀರಾ?"

"ನಿಜ."

"ಯಾವತ್ತಿಂದ ಗೊತ್ತು ನಿಮಗೆ?"

ಸುಳ್ಳು ಹೇಳುವುದು ಸುಲಭವಿತ್ತು. ಮ್ಯಾನೇಜರು ಹೇಳಿದಂದಿನಿಂದ ಎಂದಿದ್ದರೆ ಸಾಕಿತ್ತು. "ಹನ್ನೊಂದು ವರ್ಷದಿಂದ" ಎಂದ ಹದಗಾರ.

ಅವಳು ಬಗ್ಗಿ ನಾಲ್ಕೂ ಡಬ್ಬಗಳನ್ನು ಅವನ ಕಾಲ ಬಳಿ ನೆಲಕ್ಕಿಟ್ಟಳು. "ನಮ್ಮನೇಲಿ ಐದು ಮಕ್ಕಳು ಇದನ್ನ ತಿಂದಿದಾವೆ" ಎಂದಳು. ಬೈಯಲಿಲ್ಲ. ಎರಡು ಹೆಜ್ಜೆ ಹೋಗಿ ತಿರುಗಿ ಕೇಳಿದಳು, "ನಿಮ್ಮ ಮನೇಲಾದ್ರೂ ಹೇಳಿದ್ರಾ?"

ಅವನ ಉತ್ತರಕ್ಕೆ ಕಾಯದೆ ಬಸ್ಸಿಗೆ ಓಡಿದಳು. ಉಳಿದವರು ತಮ್ಮ ತಮ್ಮ ಚೀಲ ಹೊತ್ತುಕೊಂಡು ಅವನನ್ನು ಬಳಸಿಕೊಂಡು ಹೋದರು. ಅವಳಿಟ್ಟ ಡಬ್ಬಗಳನ್ನೂ ಯಾರೋ ಎತ್ತಿಕೊಂಡರು.

ಅವನು ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮಗಳು ಅಳಿಯ ಇನ್ನೂ ಬಂದಿರಲಿಲ್ಲ.

"ಬಂದ್ರಾ? ಈ ಹೊದಿಕೆ ಒಂದು ತುದಿ ಹಿಡ್ಕೊಳ್ಳಿ. ಒಬ್ಬಳ ಕೈಲಿ ಆಗಲ್ಲ."

ಅವನು ಎರಡು ಮೂಲೆ ಹಿಡಿದ, ಅವಳು ಎರಡು ಮೂಲೆ ಹಿಡಿದಳು. ಜಗ್ಗಿ ಸುಕ್ಕು ಬಿಡಿಸಿದರು.

"ಅವತ್ತು ನೀನು ಕೇಳಿದ್ಯಲ್ಲ, ಗೊತ್ತಿತ್ತಾ ಅಂತ. ಗೊತ್ತಿತ್ತು."

ಅವಳು ತನ್ನ ಎರಡು ಮೂಲೆಗಳನ್ನು ಕೂಡಿಸಿ ಮಡಿಸಿದಳು. "ಹ್ಞಾಂ?"

"ಗೊತ್ತಿತ್ತು. ಕೆಮಿಸ್ಟ್ ಒಬ್ಬರು ಹೇಳಿದ್ರು. ಮನೆಗೆ ಒಯ್ಯಬೇಡಿ ಅಂತಲೂ ಅಂದಿದ್ರು. ಹನ್ನೊಂದು ವರ್ಷ ಆಯ್ತು."

ಹೊದಿಕೆ ಇಬ್ಬರ ನಡುವೆ ಜೋತುಬಿತ್ತು. ಅವಳು ಕೈ ಬಿಟ್ಟಿರಲಿಲ್ಲ.

"ಹನ್ನೊಂದು ವರ್ಷ" ಎಂದಳು. "ನಾನು ಅಲ್ಲಿ ನಿಂತ್ಕೊಂಡು ತಿಂತಿದ್ದೆ. ನೀವು ಇಲ್ಲಿ ಕೂತ್ಕೊಂಡು ನೋಡ್ತಿದ್ರಿ."

"ಹೇಳ್ಬೇಕು ಅಂತಾನೇ ಇದ್ದೆ..."

"ನೀವು ಹೇಳಿದ್ರೆ ನಾನು ಬಿಟ್ಟುಬಿಡ್ತಿದ್ದೆ ಅಂತ ಅನ್ಕೋಬೇಡಿ. ಬಿಡ್ತಿರಲಿಲ್ಲ. ತಿಂತಿದ್ದೆ. ಆದ್ರೆ ಗೊತ್ತಿದ್ದು ತಿಂತಿದ್ದೆ." ಅವಳಿಗೆ ಏದುಸಿರು ಬಂತು. ಅವನು ಮುಂದೆ ಬರಲು ನೋಡಿದ, ಅವಳು ಬೇಡವೆಂದು ಕೈಯೆತ್ತಿದಳು. ಮಂಚದ ತುದಿಗೆ ಕೂತು ಸುಧಾರಿಸಿಕೊಂಡಳು. "ಮಗಳ ಹತ್ರ ಜಗಳ ಆಡಿದೆ ನಿಮ್ಮ ಪರವಾಗಿ. ಅವತ್ತಾದ್ರೂ ಬಾಯಿ ಬಿಡ್ಬಾರದಿತ್ತಾ?"

ಅವನು ಹೊದಿಕೆಯನ್ನು ಒಬ್ಬನೇ ಹೇಗೋ ಮಡಿಸಿ ಕಪಾಟಿನಲ್ಲಿಟ್ಟ.

"ಅವಳಿಗೆ ಹೇಳ್ಬೇಡಿ" ಎಂದಳು ಹೆಂಡತಿ. "ಅವಳಿಗೆ ಅಪ್ಪ ಬೇಕು."

ಅಳಿಯ ಬಂದವನೇ ಹುರುಪಿನಿಂದ, ಆಸ್ಪತ್ರೆಯ ಹತ್ತಿರದ ಮನೆ ಗಟ್ಟಿಯಾಗುವಂತಿದೆ, ಆದರೆ ಅದೇ ಕಟ್ಟಡದಲ್ಲಿ ಎರಡು ಮನೆ ಖಾಲಿ ಇವೆ, ಒಂದು ದೊಡ್ಡದು ಒಂದು ಚಿಕ್ಕದು, ಯಾವುದಕ್ಕೆ ಹೇಳಲಿ ಎಂದು ಕೇಳಿದ.

"ಚಿಕ್ಕದೇ ಸಾಕು" ಎಂದಳು ಹೆಂಡತಿ. "ಮೂರು ಜನಕ್ಕೆ."

"ಮೂರು?"

"ಇವರು ಇಲ್ಲೇ ಇರ್ತಾರಂತೆ. ಕಾರ್ಖಾನೆಗೆ ಹತ್ರ. ಎರಡು ಬಸ್ಸು ಬದಲಾಯಿಸೋಕೆ ಆಗಲ್ವಂತೆ ಇವರ ಕೈಲಿ."

ಮಗಳು ಎರಡು ದಿನ ಅವನ ಬೆನ್ನು ಬಿಡಲಿಲ್ಲ. "ಏನಪ್ಪ ಇದು ಹಠ? ಅವತ್ತು ನಾನು ಬಾಯಿಗೆ ಬಂದಂಗೆ ಅಂದೆ ಅಂತ ಸಿಟ್ಟಾ? ತಪ್ಪಾಯ್ತು ಅಂತ ಹೇಳಿದ್ನಲ್ಲ."

"ನಿನ್ನ ಮೇಲೆ ಸಿಟ್ಟಲ್ಲಮ್ಮ."

"ಮತ್ತೆ ಅಮ್ಮನ್ನ ಬಿಟ್ಟು ಒಬ್ಬನೇ ಇಲ್ಲಿ ಏನು ಮಾಡ್ತೀಯ?"

"ಹತ್ರ ಆಗುತ್ತೆ" ಎಂದ ಹದಗಾರ. ಹೆಂಡತಿ ತನಗಾಗಿ ಹೊಲಿದು ಕೊಟ್ಟ ಆ ನೆಪವನ್ನೇ ಅವನು ತೊಟ್ಟುಕೊಂಡ.

ಸಾಮಾನು ಸಾಗಿಸುವ ದಿನ ಕಪಾಟು, ಮಂಚ, ಪಾತ್ರೆಗಳನ್ನು ಅವನೂ ಹೊತ್ತು ಇಳಿಸಿದ. ಹೆಂಡತಿ ಒಂದೊಂದೇ ಮೆಟ್ಟಿಲು, ನಿಂತು ನಿಂತು ಇಳಿದಳು. ಅವನು ತೋಳು ಕೊಡಲು ಹೋದಾಗ ಅವಳು ಗೋಡೆ ಹಿಡಿದುಕೊಂಡಳು.

ಪ್ಯಾಕಿಂಗಿನ ಕೆಲಸ ಅವನಿಗೆ ಒಗ್ಗಲಿಲ್ಲ, ಕಷ್ಟವೂ ಆಗಲಿಲ್ಲ. ಹೊಸ ಯಂತ್ರದಿಂದ ಬರುವ ಕೊಬ್ಬಿನ ಡಬ್ಬಗಳಿಗೆ ಚೀಟಿ ಅಂಟಿಸುವುದು. ಗಡಿಬಿಡಿಯಕ್ಕ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದಳು. ಅವನೊಡನೆ ಮಾತಾಡುತ್ತಿರಲಿಲ್ಲ. ಅವನ ಕಡೆ ಅಂಟು ಮುಗಿದಾಗ ಮಾತ್ರ ಕೇಳದೆಯೇ ತನ್ನ ಬಾಟಲಿಯನ್ನು ಸರಿಸುತ್ತಿದ್ದಳು. ಮನೆಗೆ ಬಂದರೆ ಅಡುಗೆಮನೆಯಲ್ಲಿ ಒಂದು ಕಾವಲಿ, ಎರಡು ಪಾತ್ರೆ. ಅಡುಗೆ ಕಲಿಯತೊಡಗಿದ. ಮೊದಲ ವಾರ ರೊಟ್ಟಿ ಹೆಂಚಿನ ಬಿಲ್ಲೆಯಂತೆ ಬಂತು. ಎರಡನೇ ವಾರ ತಿನ್ನುವಂತಾಯಿತು. ಅಡುಗೆ ಮಾಡುವಾಗ ಬಾಯಲ್ಲಿ ತಾನೇ ಹೇಳಿಕೊಳ್ಳುತ್ತಿದ್ದ, "ಈಗ ಉರಿ ಸಣ್ಣ ಮಾಡ್ಬೇಕು" ಎಂದು. ಇಡೀ ದಿನದಲ್ಲಿ ಅವನ ದನಿ ಅವನಿಗೆ ಕೇಳುತ್ತಿದ್ದದ್ದು ಅಷ್ಟೇ.

ಭಾನುವಾರ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ, ತಾನು ಮಾಡಿದ ಅಡುಗೆಯನ್ನು ಡಬ್ಬಿಯಲ್ಲಿ ತುಂಬಿಕೊಂಡು ಅವರ ಮನೆಗೆ ಹೋಗತೊಡಗಿದ. ಮೊದಲನೇ ಭಾನುವಾರ ಹೆಂಡತಿ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಚಮಚ ಮುಟ್ಟದೆ ಕೇಳಿದಳು, "ಇದರಲ್ಲಿ ಏನೇನಿದೆ?"

"ಹುರುಳಿಕಾಯಿ, ಕ್ಯಾರೆಟ್ಟು, ಈರುಳ್ಳಿ. ಅರ್ಧ ಚಮಚ ಎಣ್ಣೆ. ಹಸಿ ಎಣ್ಣೆ."

"ಇಷ್ಟೇನಾ?"

"ಇಷ್ಟೇ."

ಆಮೇಲೆ ತಿಂದಳು. ಪ್ರತಿ ಭಾನುವಾರವೂ ಹೀಗೇ. ಅಳಿಯನಿಗೆ ಇದೊಂದು ತಮಾಷೆಯಾಗಿ, "ಮಾವ ಪರೀಕ್ಷೆಗೆ ಕೂತಿದ್ದಾರೆ, ಎಲ್ಲರೂ ಗಲಾಟೆ ಮಾಡ್ಬೇಡಿ" ಎನ್ನುತ್ತಿದ್ದ. ಮಗಳು ನಗುತ್ತಿದ್ದಳು. ಹದಗಾರ, ಹೆಂಡತಿ ಇಬ್ಬರೂ ನಗುತ್ತಿರಲಿಲ್ಲ. ಅವಳು ಕೇಳುತ್ತಿದ್ದಳು, ಅವನು ಒಂದೊಂದಾಗಿ ಹೇಳುತ್ತಿದ್ದ. ಅದು ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತಿರಲಿಲ್ಲ. ಆರು ಗಂಟೆಯ ಬಸ್ಸಿಗೆ ಅವನು ಹೊರಡುತ್ತಿದ್ದ.

ಏಳನೆಯದೋ ಎಂಟನೆಯದೋ ಭಾನುವಾರ. ಟೊಮೆಟೊ ಹಾಕಿ ಏನೋ ಮಾಡಿ ತಂದಿದ್ದ. ಎಲ್ಲ ಹೇಳಿದ. "ಇಷ್ಟೇನಾ?" ಎಂದಳು.

"ಇಷ್ಟೇ" ಎಂದವನು ತಡೆದ. "ಇಲ್ಲ. ಒಂದು ಚಿಟಿಕೆ ಸಕ್ಕರೆ ಹಾಕಿದೀನಿ. ಹುಳಿ ಜಾಸ್ತಿ ಆಗಿತ್ತು."

ಅವಳು ಒಂದು ತುತ್ತು ಬಾಯಿಗಿಟ್ಟು ನಿಧಾನ ಅಗಿದಳು. "ಹಾಕಿದ್ದು ಒಳ್ಳೇದಾಯ್ತು" ಎಂದಳು.

ಐದೂವರೆಗೆ ಅವನು ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡ. "ಮಾವ, ಇವತ್ತು ಇಲ್ಲೇ ಉಳ್ಕೊಂಡ್ಬಿಡಿ" ಎಂದ ಅಳಿಯ. "ಹಜಾರದಲ್ಲಿ ಜಾಗ ಇದೆ."

"ಆಗಲ್ಲ" ಎಂದಳು ಹೆಂಡತಿ, ಅವನು ಬಾಯಿ ತೆರೆಯುವ ಮೊದಲೇ. "ಬೆಳಿಗ್ಗೆ ಬೇಗ ಏಳ್ಬೇಕು ಅವರು. ಬೆಳಗಿನ ಪಾಳಿ."

ಅದು ಪ್ರತಿ ಭಾನುವಾರ ಅವಳು ಹೇಳುತ್ತಿದ್ದ ಮಾತು. ಅವನು ಪ್ರತಿ ಸಲ ಹೌದೆಂದು ತಲೆಯಾಡಿಸಿ ಚಪ್ಪಲಿ ಮೆಟ್ಟುತ್ತಿದ್ದ. ಈ ಸಲ ಚಪ್ಪಲಿಯೊಳಗೆ ಒಂದು ಕಾಲಿಟ್ಟು ನಿಂತ.

"ಈ ವಾರ ನನಗೆ ಮಧ್ಯಾಹ್ನದ ಪಾಳಿ" ಎಂದ.

ಮಗಳು ಅಮ್ಮನ ಮುಖ ನೋಡಿದಳು. ಹೆಂಡತಿ ಸೆರಗಿನಿಂದ ಮೇಜಿನ ಮೇಲೆ ಬಿದ್ದಿದ್ದ ಒಂದು ಹನಿ ನೀರನ್ನು ಒರೆಸಿದಳು. ಒರೆಸಿದ ಜಾಗವನ್ನು ನೋಡಿದಳು.

"ಹಾಗಾದ್ರೆ ಏಳು ಗಂಟೆ ಬಸ್ಸಿಗೆ ಹೋಗಿ" ಎಂದಳು. "ಆರರದ್ದು ಬೇಡ."

ಹದಗಾರ ಚಪ್ಪಲಿಯಿಂದ ಕಾಲು ತೆಗೆದು, ಒಳಗೆ ಬಂದು, ಅವಳ ಎದುರಿನ ಕುರ್ಚಿಯಲ್ಲಿ ಕೂತ.